ತಾಹ್ರ್ ಮತ್ತು ಹಿಮಹುಲ್ಲು: ನ್ಯೂಜಿಲೆಂಡ್‌ನ ಬೆಟ್ಟಗಳಲ್ಲಿ ಒಂದು ತೂಕದ ಪ್ರಕರಣ

ಯಾವುದನ್ನಾದರೂ ಲೆಕ್ಕಕ್ಕೇ ಇಡದಿದ್ದಾಗ ಅದನ್ನು ‘ತೃಣಸಮಾನ’ವಾಗಿ ಕಂಡರು ಎನ್ನುತ್ತೇವೆ. ಆಡಿನ ಮಾತು ಬಂದರೆ ‘ಆಡು ಮುಟ್ಟದ ಸೊಪ್ಪಿಲ್ಲ’ ಎನ್ನುತ್ತೇವೆ. ಹುಲ್ಲಿಗೆ ಬೆಲೆಯಿಲ್ಲ, ಆಡಿಗೆ ಆಯ್ಕೆಯಿಲ್ಲ ಎಂಬ ಈ ಎರಡು ನಂಬಿಕೆಗಳೂ ಒಟ್ಟಿಗೆ ಪರೀಕ್ಷೆಗೆ ಒಳಗಾದ ಪ್ರಕರಣವೊಂದು ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದಲ್ಲಿ, ಸದರ್ನ್ ಆಲ್ಪ್ಸ್ ಪರ್ವತಸಾಲಿನಲ್ಲಿ, ನೂರಕ್ಕೂ ಹೆಚ್ಚು ವರ್ಷಗಳಿಂದ ನಡೆಯುತ್ತ ಬಂದಿದೆ. ಅಲ್ಲಿ ಒಂದು ಕಡೆ ನಮ್ಮ ಹಿಮಾಲಯದಿಂದ ಹೋದ ಬೆಟ್ಟದ ಆಡು ಇದೆ, ಇನ್ನೊಂದು ಕಡೆ ಆ ಬೆಟ್ಟಗಳಲ್ಲೇ ಹುಟ್ಟಿ ಬೆಳೆದ ಹುಲ್ಲು ಇದೆ. ಇವೆರಡರಲ್ಲಿ ಯಾವುದಕ್ಕೆ ಎಷ್ಟು ಜಾಗ ಎಂಬ ಪ್ರಶ್ನೆ ಮಂತ್ರಿಯ ಮೇಜಿನವರೆಗೆ ಹೋಯಿತು, ಬೀದಿಯ ಪ್ರತಿಭಟನೆಗೆ ಇಳಿಯಿತು, ಕೊನೆಗೆ ವೆಲ್ಲಿಂಗ್ಟನ್‌ನ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು.

ಒಂದು ಪ್ರಾಣಿಯನ್ನೂ ಒಂದು ಹುಲ್ಲನ್ನೂ ಹೋಲಿಸುವುದು ಮೊದಲ ನೋಟಕ್ಕೆ ಅರ್ಥವಿಲ್ಲದ ಕೆಲಸದಂತೆ ಕಾಣುತ್ತದೆ. ಒಂದಕ್ಕೆ ಕಣ್ಣಿದೆ, ಮರಿಯಿದೆ, ನೋವಿದೆ. ಇನ್ನೊಂದು ಗಾಳಿ ಬಂದಾಗ ಬಾಗುತ್ತದೆ, ಅಷ್ಟೇ. ಆದರೆ ಎರಡೂ ಒಂದೇ ಇಳಿಜಾರಿನಲ್ಲಿ ಬದುಕಬೇಕಾಗಿ ಬಂದು, ಒಂದರ ಹೊಟ್ಟೆ ಇನ್ನೊಂದರ ಬುಡಕ್ಕೆ ಮುಟ್ಟಿದಾಗ, ಹೋಲಿಕೆಯನ್ನು ಯಾರೂ ತಪ್ಪಿಸಿಕೊಳ್ಳಲಾರರು. ಹೋಲಿಸುವ ಅಳತೆಗೋಲು ಯಾವುದಿರಬೇಕು ಎಂಬುದಷ್ಟೇ ಉಳಿಯುವ ಪ್ರಶ್ನೆ. ಈ ಅಧ್ಯಯನದ ವಿಷಯವೂ ಅದೇ.

ಅರೆ ಆಡು

ಹಿಮಾಲಯದ ತಾಹ್ರ್‌ನ ಶಾಸ್ತ್ರೀಯ ಹೆಸರು ಹೆಮಿಟ್ರಾಗಸ್ ಜೆಮ್ಲಾಹಿಕಸ್. ಹೆಮಿಟ್ರಾಗಸ್ ಎಂದರೆ ‘ಅರೆ ಆಡು’. ಜೆಮ್ಲಾಹಿಕಸ್ ಎಂಬುದು ನೇಪಾಳದ ಜುಮ್ಲಾ ಪ್ರದೇಶದಿಂದ ಬಂದದ್ದು. ಆಡಿನ ಬಳಗಕ್ಕೇ ಸೇರಿದ್ದರೂ ಇದರ ಹೋತಕ್ಕೆ ಗಡ್ಡವಿಲ್ಲ. ಅದರ ಬದಲು ಕತ್ತಿನಿಂದ ಹೆಗಲಿನವರೆಗೆ, ಚಳಿಗಾಲದಲ್ಲಿ ಮೊಣಕಾಲಿನ ಹತ್ತಿರದವರೆಗೂ ಇಳಿಬೀಳುವ ದಟ್ಟವಾದ ಕೇಸರವಿರುತ್ತದೆ. ಗಾಳಿ ಬೀಸುವ ಬಂಡೆಯ ಅಂಚಿನಲ್ಲಿ ಎಪ್ಪತ್ತು ಕಿಲೋ ತೂಗುವ ಹೋತವೊಂದು ಕೇಸರವನ್ನು ಹಾರಲು ಬಿಟ್ಟು ನಿಂತಿದ್ದರೆ, ಬೇಟೆಯಲ್ಲಿ ಕಿಂಚಿತ್ತೂ ಆಸಕ್ತಿಯಿಲ್ಲದವರೂ ಒಂದು ಗಳಿಗೆ ನಿಂತು ನೋಡುತ್ತಾರೆ. ಹೆಣ್ಣು ತೂಕದಲ್ಲಿ ಹೆಚ್ಚುಕಡಿಮೆ ಅದರ ಅರ್ಧ. ಕೊಂಬು ಎರಡಕ್ಕೂ ಇದೆ, ಹಿಂದಕ್ಕೆ ಬಾಗಿದ್ದು. ಗೊರಸಿನ ಅಂಚು ಗಟ್ಟಿ, ನಡುಭಾಗ ಮೆತ್ತಗೆ. ಆದ್ದರಿಂದ ಒದ್ದೆ ಬಂಡೆಯೂ ಅದಕ್ಕೆ ಜಾರುವುದಿಲ್ಲ.

ಹೆಸರಿನ ವಿಷಯದಲ್ಲಿ ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ನೇಪಾಳಿ ಭಾಷೆಯಲ್ಲಿ ಈ ಪ್ರಾಣಿ ‘ಝಾರಲ್’. ಅಲ್ಲಿ ‘ಥಾರ್’ ಎಂದರೆ ಸೆರೋ ಎಂಬ ಬೇರೊಂದು ಪ್ರಾಣಿ. ಆದರೂ ನ್ಯೂಜಿಲೆಂಡ್ ಸರ್ಕಾರ 1993ರಲ್ಲಿ ಹೊರಡಿಸಿದ ನಿಯಂತ್ರಣ ಯೋಜನೆಯ ಶೀರ್ಷಿಕೆಯಲ್ಲಿ ‘ಹಿಮಾಲಯನ್ ಥಾರ್’ ಎಂದೇ ಅಚ್ಚಾಗಿದೆ. ತವರಿನಿಂದ ಅಷ್ಟು ದೂರ ಹೋದ ಪ್ರಾಣಿಗೆ ತನ್ನ ಹೆಸರೂ ಸರಿಯಾಗಿ ಉಳಿಯಲಿಲ್ಲ.

ತವರಿನಲ್ಲಿ ಇದು ಜಮ್ಮು–ಕಾಶ್ಮೀರದಿಂದ ಸಿಕ್ಕಿಂವರೆಗಿನ ಹಿಮಾಲಯದ ದಕ್ಷಿಣ ಇಳಿಜಾರುಗಳಲ್ಲಿ, ನೇಪಾಳದಲ್ಲಿ ಮತ್ತು ಟಿಬೆಟ್‌ನ ದಕ್ಷಿಣದ ಅಂಚಿನಲ್ಲಿ ಬದುಕುತ್ತದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲಿ ಇದು ಅಪಾಯದ ಅಂಚಿಗೆ ಹತ್ತಿರವಾಗಿರುವ ಪ್ರಾಣಿಗಳ ಸಾಲಿನಲ್ಲಿದೆ. ಅಲ್ಲಿ ಇದಕ್ಕೆ ಹಿಮಚಿರತೆಯ ಭಯವಿದೆ. ಎವರೆಸ್ಟ್ ಸುತ್ತಲಿನ ಸಾಗರಮಾಥಾ ರಾಷ್ಟ್ರೀಯ ಉದ್ಯಾನಕ್ಕೆ ಹಿಮಚಿರತೆಗಳು ಮರಳಿ ಬಂದಾಗ ಅವುಗಳ ಮುಖ್ಯ ಆಹಾರವಾದದ್ದು ತಾಹ್ರ್. ನ್ಯೂಜಿಲೆಂಡ್‌ನಲ್ಲಿ ಹಿಮಚಿರತೆಯಿಲ್ಲ, ತೋಳವಿಲ್ಲ, ಹಿಂಡನ್ನು ಓಡಿಸುವ ಯಾವ ಮಾಂಸಾಹಾರಿ ಪ್ರಾಣಿಯೂ ಇಲ್ಲ. ಬಾವಲಿಗಳನ್ನು ಬಿಟ್ಟರೆ ಆ ದ್ವೀಪಗಳಲ್ಲಿ ನೆಲದ ಮೇಲಿನ ಸ್ತನಿಗಳೇ ಮೂಲದಲ್ಲಿ ಇರಲಿಲ್ಲ.

1904ರಲ್ಲಿ ಬೆಡ್‌ಫರ್ಡ್‌ನ ಡ್ಯೂಕ್, ಇಂಗ್ಲೆಂಡಿನ ತನ್ನ ವೋಬರ್ನ್ ಎಸ್ಟೇಟಿನಲ್ಲಿ ಸಾಕಿದ್ದ ತಾಹ್ರ್‌ಗಳಲ್ಲಿ ಕೆಲವನ್ನು ನ್ಯೂಜಿಲೆಂಡ್‌ಗೆ ಉಡುಗೊರೆಯಾಗಿ ಕಳಿಸಿದನು. ಅವುಗಳನ್ನು ಔರಾಕಿ ಅಥವಾ ಮೌಂಟ್ ಕುಕ್ ಶಿಖರದ ಕೆಳಗಿನ ಹರ್ಮಿಟೇಜ್ ಹೋಟೆಲಿನ ಬಳಿ ಬಿಡಲಾಯಿತು. 1909ರಲ್ಲಿ ಇನ್ನೊಂದು ತಂಡ ಬಂತು. ಪ್ರವಾಸಿಗರಿಗೆ ನೋಡಲು, ಶ್ರೀಮಂತರಿಗೆ ಬೇಟೆಯಾಡಲು ಬೆಟ್ಟದಲ್ಲಿ ‘ಏನಾದರೂ’ ಇರಲಿ ಎಂಬುದೇ ಉದ್ದೇಶ. ಬೆಟ್ಟದಲ್ಲಿ ಆಗಲೇ ಏನಿತ್ತು ಎಂದು ನೋಡುವ ಅಭ್ಯಾಸ ಆ ಕಾಲಕ್ಕೆ ಇರಲಿಲ್ಲ.

ಉತ್ತರಾರ್ಧ ಗೋಳದಿಂದ ದಕ್ಷಿಣಾರ್ಧ ಗೋಳಕ್ಕೆ ಬಂದ ಪ್ರಾಣಿ ತನ್ನ ವರ್ಷವನ್ನೇ ತಿರುವಿಹಾಕಿಕೊಂಡಿತು. ಹಿಮಾಲಯದಲ್ಲಿ ಮಳೆಗಾಲದ ಮೊದಲಿಗೆ ಮರಿ ಹಾಕುವ ತಾಹ್ರ್ ಇಲ್ಲಿ ಮೇ ತಿಂಗಳಿನಿಂದ ಜುಲೈವರೆಗೆ ಬೆದೆಗೆ ಬಂದು, ನವೆಂಬರ್ ಕೊನೆಯಿಂದ ಜನವರಿಯೊಳಗೆ ಮರಿ ಹಾಕುತ್ತದೆ. ಹೆಣ್ಣು ಎರಡು–ಮೂರು ವರ್ಷಕ್ಕೆಲ್ಲ ತಾಯಿಯಾಗುತ್ತದೆ, ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ. ಒಂದೇ ಮರಿ ಎಂದರೆ ನಿಧಾನವೆನಿಸಬಹುದು. ಆದರೆ ಕೊಲ್ಲುವ ಪ್ರಾಣಿಯಿಲ್ಲದ ಕಡೆ ಹಿಂಡು ವರ್ಷಕ್ಕೆ ನೂರಕ್ಕೆ ಇಪ್ಪತ್ತರಂತೆ ಬೆಳೆದರೂ ಸಾಕು, ನಾಲ್ಕೇ ವರ್ಷಕ್ಕೆ ಅದು ದುಪ್ಪಟ್ಟಾಗುತ್ತದೆ.

ಹಿಮಹುಲ್ಲು

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿರುವುದು ಕಿಯೊನೊಕ್ಲೋವಾ ಕುಲದ ಹುಲ್ಲು. ಗ್ರೀಕ್ ಮೂಲದ ಆ ಪದದ ಅರ್ಥವೇ ‘ಹಿಮದ ಹುಲ್ಲು’. ಅಲ್ಲಿಯವರು ಇದನ್ನು ಸ್ನೋ ಟಸಕ್ ಎನ್ನುತ್ತಾರೆ; ನಾನು ಹಿಮಹುಲ್ಲು ಎನ್ನುತ್ತೇನೆ. ಈ ಕುಲದ ಇಪ್ಪತ್ತಕ್ಕೂ ಹೆಚ್ಚು ಪ್ರಭೇದಗಳಲ್ಲಿ ಬಹುಪಾಲು ನ್ಯೂಜಿಲೆಂಡ್ ಬಿಟ್ಟು ಬೇರೆಲ್ಲೂ ಇಲ್ಲ. ನಮ್ಮ ಪ್ರಕರಣಕ್ಕೆ ಮುಖ್ಯವಾದದ್ದು ಕಿಯೊನೊಕ್ಲೋವಾ ಪ್ಯಾಲೆನ್ಸ್ ಎಂಬ ಪ್ರಭೇದ. ಗರಿಯ ನಡುವೆ ಎದ್ದು ಕಾಣುವ ನರವೊಂದು ಇರುವುದರಿಂದ ಅದನ್ನು ಸುಲಭವಾಗಿ ಗುರುತಿಸಬಹುದು.

ಹಿಮಹುಲ್ಲಿನ ಒಂದು ಗುಪ್ಪೆಯ ಪಕ್ಕ ಮಂಡಿಯೂರಿ ನೋಡಿದರೆ ಕಾಣುವುದು ಇಷ್ಟು. ಸೊಂಟದೆತ್ತರದ, ಬಾಗಿದ, ಹೊಂಬಣ್ಣಕ್ಕೆ ತಿರುಗಿದ ಗರಿಗಳು ಒಂದೇ ಬುಡದಿಂದ ಎದ್ದು ಕಾರಂಜಿಯಂತೆ ಸುತ್ತಲೂ ಬೀಳುತ್ತವೆ. ಗರಿಗಳನ್ನು ಬದಿಗೆ ಸರಿಸಿದರೆ, ಒಳಗೆ ಹಳೆಯ ಎಲೆಯ ಪೊರೆಗಳು ಒಂದರ ಮೇಲೊಂದು ಕೂತು ಗಟ್ಟಿಯಾದ ಬುಡವಾಗಿರುತ್ತವೆ. ಆ ಪೊರೆಗಳ ನಡುವೆ ಪ್ರತಿಯೊಂದು ತೆಂಡೆಯ ಸುಳಿ ಅಡಗಿರುತ್ತದೆ. ಹೊರಗೆ ಹಿಮಗಾಳಿ ಬೀಸುತ್ತಿದ್ದರೂ ಬುಡದ ಒಳಗೆ ಗಾಳಿಯಾಡುವುದಿಲ್ಲ. ಅಲ್ಲಿ ಜೇಡ, ಪತಂಗದ ಹುಳು, ಮಿಡತೆ, ಹಲ್ಲಿಗಳೆಲ್ಲ ಮನೆ ಮಾಡಿಕೊಂಡಿರುತ್ತವೆ. ರಾಗಿ ಹೊಲ ಬಲ್ಲವರಿಗೆ ತೆಂಡೆ ಒಡೆಯುವುದು ಎಂದರೇನೆಂದು ವಿವರಿಸಬೇಕಾಗಿಲ್ಲ. ಆದರೆ ರಾಗಿ ಒಂದು ಹಂಗಾಮಿನಲ್ಲಿ ಮಾಡಿ ಮುಗಿಸುವ ಕೆಲಸವನ್ನು ಈ ಹುಲ್ಲು ನೂರಾರು ವರ್ಷಗಳಿಗೆ ಹಂಚಿಕೊಂಡಿರುತ್ತದೆ. ಒಂದು ಗರಿಯೇ ಒಂದು ವರ್ಷ ದಾಟಿ ಬದುಕುತ್ತದೆ. ಒಂದು ಗುಪ್ಪೆಯ ಆಯುಸ್ಸು ಶತಮಾನಗಳ ಲೆಕ್ಕದಲ್ಲಿದೆ. ಔರಾಕಿಯ ಇಳಿಜಾರಿನಲ್ಲಿ ಇಂದು ನಿಂತಿರುವ ದೊಡ್ಡ ಗುಪ್ಪೆಗಳಲ್ಲಿ ಕೆಲವು, ಡ್ಯೂಕ್‌ನ ಉಡುಗೊರೆ ಹಡಗು ಹತ್ತುವ ಮೊದಲೇ ಮುದಿಯಾಗಿದ್ದಿರಬಹುದು.

ಈ ಹುಲ್ಲು ಪ್ರತಿ ವರ್ಷ ತೆನೆ ಬಿಡುವುದಿಲ್ಲ. ಹಲವು ವರ್ಷ ಸುಮ್ಮನಿದ್ದು, ಒಂದು ವರ್ಷ ಇಡೀ ಪರ್ವತಸಾಲಿನಲ್ಲಿ ಒಮ್ಮೆಲೇ ತೆನೆ ತುಂಬಿಕೊಳ್ಳುತ್ತದೆ. ನಮ್ಮ ಪಶ್ಚಿಮ ಘಟ್ಟದ ನೀಲಕುರಿಂಜಿ ಹನ್ನೆರಡು ವರ್ಷಕ್ಕೊಮ್ಮೆ ಅರಳುವುದನ್ನು ಬಲ್ಲವರಿಗೆ ಇದು ತೀರ ಹೊಸದಲ್ಲ. ವ್ಯತ್ಯಾಸವೆಂದರೆ ಕುರಿಂಜಿ ವರ್ಷಗಳನ್ನು ಎಣಿಸಿ ಅರಳುತ್ತದೆ, ಅರಳಿದ ಮೇಲೆ ಸಾಯುತ್ತದೆ. ಹಿಮಹುಲ್ಲು ಬಿಸಿಲನ್ನು ನೋಡಿ ತೆನೆ ಬಿಡುತ್ತದೆ, ಬಿಟ್ಟ ಮೇಲೂ ಬದುಕಿರುತ್ತದೆ. ಕಳೆದ ಬೇಸಿಗೆ ಅದರ ಹಿಂದಿನ ಬೇಸಿಗೆಗಿಂತ ಎಷ್ಟು ಬೆಚ್ಚಗಿತ್ತು ಎಂಬ ವ್ಯತ್ಯಾಸದಿಂದ ಮುಂದಿನ ತೆನೆಯನ್ನು ಊಹಿಸಬಹುದೆಂದು ಡೇವ್ ಕೆಲ್ಲಿ ಮತ್ತು ಸಂಗಡಿಗರು 2013ರಲ್ಲಿ ತೋರಿಸಿಕೊಟ್ಟರು. ಹೀಗೆ ತಡೆದು ತಡೆದು ತೆನೆ ಬಿಡುವುದರ ಲಾಭವೂ ಸ್ಪಷ್ಟವಾಗಿದೆ. ಬೀಜವನ್ನೇ ತಿಂದು ಬದುಕುವ ಸಣ್ಣ ನೊಣಗಳ ಮತ್ತು ಪತಂಗಗಳ ಮರಿಹುಳುಗಳು ಬರಗಾಲದ ವರ್ಷಗಳಲ್ಲಿ ಹಸಿವಿನಿಂದ ಕಡಿಮೆಯಾಗುತ್ತವೆ. ಸುಗ್ಗಿಯ ವರ್ಷದಲ್ಲಿ ಅವು ತಿಂದು ಮುಗಿಸಲಾರದಷ್ಟು ಬೀಜ ಒಮ್ಮೆಲೇ ಬೀಳುತ್ತದೆ. ಹುಳುವಿನ ಎದುರು ಈ ಹುಲ್ಲು ಕಂಡುಕೊಂಡ ಉಪಾಯ ಇದು. ನಾಲ್ಕು ಹೊಟ್ಟೆಕೋಣೆಗಳಲ್ಲಿ ಮೆಲುಕು ಹಾಕುವ ಪ್ರಾಣಿಯ ಎದುರು ಅದಕ್ಕೆ ಇಂಥ ಉಪಾಯವಿಲ್ಲ. ಈ ಹುಲ್ಲನ್ನು ಹಿಂದೆ ಮೇಯ್ದವು ಮೋವಾದಂಥ ದೊಡ್ಡ ಹಕ್ಕಿಗಳು. ಅವು ಇಲ್ಲವಾಗಿಯೂ ಆರುನೂರು ವರ್ಷಗಳಾಗಿವೆ. ಕೊಕ್ಕಿನಿಂದ ಕಿತ್ತು ತಿನ್ನುವ ಹಕ್ಕಿಯೇ ಬೇರೆ, ಹಿಂಡಾಗಿ ಬಂದು ಬುಡಮಟ್ಟ ಕಚ್ಚಿ ಅದರ ಮೇಲೆಯೇ ಮಲಗುವ ಪ್ರಾಣಿಯೇ ಬೇರೆ.

ಎರಡೂ ಸೇರಿದ ಇಳಿಜಾರು

ತಾಹ್ರ್ ಸಿಕ್ಕಿದ್ದನ್ನೆಲ್ಲ ಒಂದೇ ಸಮನೆ ತಿನ್ನುವುದಿಲ್ಲ. ಗಾದೆಯಲ್ಲಿರುವಂತೆ ಎಲ್ಲ ಸೊಪ್ಪನ್ನೂ ಮುಟ್ಟುತ್ತದೆ ಎಂದೇ ಇಟ್ಟುಕೊಂಡರೂ, ಮೊದಲು ಮುಟ್ಟುವುದು ಒಳ್ಳೆಯದನ್ನು. ಪ್ಯಾಲೆನ್ಸ್ ಪ್ರಭೇದ ಸಾರವಿರುವ, ತೇವದ ಮಣ್ಣಿನಲ್ಲಿ ಬೆಳೆಯುವುದರಿಂದ ಅದರ ಗರಿಯಲ್ಲಿ ಸತ್ವ ಹೆಚ್ಚು. ಬೇಸಿಗೆಯಲ್ಲಿ ಮೌಂಟ್ ಕುಕ್ ಲಿಲಿ ಎಂದು ಕರೆಸಿಕೊಳ್ಳುವ ಬಿಳಿ ಹೂವಿನ ದೊಡ್ಡ ರಾನನ್‌ಕ್ಯುಲಸ್ ಮೊದಲಾದ ಮೆತ್ತನೆಯ ಗಿಡಗಳೂ ತಾಹ್ರ್‌ಗೆ ಇಷ್ಟ. ಚಳಿಗಾಲದಲ್ಲಿ ಅವೆಲ್ಲ ಹಿಮದಡಿ ಹೂತುಹೋದಾಗ, ಮೇಲೆ ತಲೆಯೆತ್ತಿಕೊಂಡಿರುವ ಹಿಮಹುಲ್ಲು ಮತ್ತು ಕುರುಚಲು ಗಿಡಗಳೇ ಆಸರೆ.

ಹಾನಿ ಎಲ್ಲ ಕಡೆ ಸಮನಾಗಿ ಹರಡುವುದಿಲ್ಲ ಎಂಬುದು ಈ ಪ್ರಕರಣದಲ್ಲಿ ಬಹಳ ಮಂದಿ ಗಮನಿಸದ ಅಂಶ. ತಾಹ್ರ್ ಹಿಂಡುಗಳಿಗೆ ತಮ್ಮದೇ ಜಾಗಗಳಿವೆ. ಹೆಣ್ಣುಗಳೂ ಮರಿಗಳೂ ಒಂದು ಗುಂಪಾಗಿ, ಪ್ರಾಯದ ಹೋತಗಳು ಬೇರೆ ಗುಂಪಾಗಿ, ಬಿಸಿಲು ಬೀಳುವ ಅದೇ ಬಂಡೆಸಾಲುಗಳಿಗೆ, ಅದೇ ಇಳಿಜಾರುಗಳಿಗೆ ಮರಳಿ ಮರಳಿ ಬರುತ್ತವೆ. ಹೀಗೆ ಒಂದು ಕಣಿವೆಯ ಒಟ್ಟು ಲೆಕ್ಕದಲ್ಲಿ ಪ್ರಾಣಿ ಕಡಿಮೆಯೆನಿಸಿದರೂ, ಅವು ಮೆಚ್ಚಿದ ತಾಣದಲ್ಲಿ ಹುಲ್ಲು ಮೋಟಾಗಿರುತ್ತದೆ. ಗರಿಯಲ್ಲೇ ಸಾರವನ್ನು ಕಾಯ್ದಿಟ್ಟುಕೊಳ್ಳುವ ಹುಲ್ಲಿಗೆ ಗರಿಯನ್ನು ಕಳೆದುಕೊಳ್ಳುವುದೆಂದರೆ ದುಡಿಮೆಯ ಜೊತೆಗೆ ಉಳಿತಾಯವನ್ನೂ ಕಳೆದುಕೊಂಡಂತೆ. ಒಮ್ಮೆ ಕಚ್ಚಿದರೆ ತಡವಾಗಿ ಚಿಗುರುತ್ತದೆ. ಆ ಚಿಗುರನ್ನೂ ಕಚ್ಚಿದರೆ ತೆಂಡೆಗಳು ಒಂದೊಂದಾಗಿ ಸಾಯುತ್ತವೆ. ಮೇಲೆ ಗೊರಸು ತುಳಿದರೆ ಬುಡ ಸೀಳುತ್ತದೆ. ಸೀಳಿದ ಕಡೆ ಮಳೆನೀರು ಮಣ್ಣನ್ನು ಕೊರೆಯುತ್ತದೆ. ಅಷ್ಟು ಕಡಿದಾದ ಬೆಟ್ಟದಲ್ಲಿ ಒಮ್ಮೆ ಜಾರಿದ ಮಣ್ಣು ಮತ್ತೆ ಮೇಲಕ್ಕೆ ಬರುವುದಿಲ್ಲ.

ಇದು ಕಣ್ಣಂದಾಜಿನ ಮಾತಲ್ಲ. ಗುರುತು ಹಾಕಿದ ನೆಲದ ತುಂಡುಗಳಿಗೆ ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಹೋಗಿ, ಹುಲ್ಲಿನ ಎತ್ತರವನ್ನೂ ಹರಹನ್ನೂ ಅಳೆದು, ಹಿಕ್ಕೆಗಳನ್ನು ಎಣಿಸಿ, ಸುತ್ತಲಿನ ಪ್ರಾಣಿಗಳ ಸಂಖ್ಯೆಯ ಜೊತೆ ಹೊಂದಿಸಿ ನೋಡಲಾಗಿದೆ. 1990ರ ದಶಕದಿಂದ ಹಲವು ಕಣಿವೆಗಳಲ್ಲಿ ಸಂಗ್ರಹಿಸಿದ ಇಂಥ ಅಳತೆಗಳನ್ನು ಒಟ್ಟುಗೂಡಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ತಾಹ್ರ್ ಹೆಚ್ಚಿದ ಕಡೆ ಹಿಮಹುಲ್ಲಿನ ಎತ್ತರವೂ ಹರಹೂ ಕುಗ್ಗಿದೆ ಎಂಬುದೇ ಅದರ ತಿರುಳು.

ಹತ್ತು ಸಾವಿರ ಎಂಬ ಸಂಖ್ಯೆ

ತಾಹ್ರ್‌ಗೆ ಮೊದಲು ಕಾನೂನಿನ ರಕ್ಷಣೆಯಿತ್ತು. 1930ರಲ್ಲಿ ಅದನ್ನು ತೆಗೆದುಹಾಕಲಾಯಿತು, ಮುಂದೆ ಸರ್ಕಾರವೇ ಬೇಟೆಗಾರರನ್ನು ನೇಮಿಸಿ ಕೊಲ್ಲಿಸತೊಡಗಿತು. ಕಾಲ್ನಡಿಗೆಯ ಬೇಟೆಯಿಂದ ಹೆಚ್ಚೇನೂ ಆಗಲಿಲ್ಲ. 1970ರ ದಶಕದಲ್ಲಿ ಮಾಂಸದ ವ್ಯಾಪಾರಕ್ಕಾಗಿ ಹೆಲಿಕಾಪ್ಟರುಗಳು ಬಂದ ಮೇಲೆ ಹತ್ತಾರು ಸಾವಿರ ತಾಹ್ರ್‌ಗಳು ಕೆಲವೇ ವರ್ಷಗಳಲ್ಲಿ ಸತ್ತವು. ಉಳಿದ ಹಿಂಡುಗಳು ಎಷ್ಟು ತೆಳುವಾದವೆಂದರೆ, ಈ ಬಾರಿ ಬೇಟೆಗಾರರೇ ಗಾಬರಿಗೊಂಡರು. 1983ರಲ್ಲಿ ಸರ್ಕಾರ ವಾಣಿಜ್ಯ ಬೇಟೆಗೆ ತಡೆ ಹಾಕಿತು. ಅಲ್ಲಿಂದ ಹಿಂಡು ಮತ್ತೆ ಬೆಳೆಯಿತು.

ಒಮ್ಮೆ ಕಾಪಾಡುವುದು, ಒಮ್ಮೆ ಕೊಲ್ಲುವುದು, ಮತ್ತೆ ಕಾಪಾಡುವುದು ಎಂಬ ಈ ಓಲಾಟಕ್ಕೆ ಒಂದು ನೆಲೆ ಕೊಡಲು, 1977ರ ಕಾಡುಪ್ರಾಣಿ ನಿಯಂತ್ರಣ ಕಾಯ್ದೆಯಡಿ 1993ರ ಯೋಜನೆ ಬಂತು. ತಾಹ್ರ್ ಇರಬಹುದಾದ ಪ್ರದೇಶವನ್ನು ಗೆರೆ ಎಳೆದು ಗುರುತಿಸಿ, ಅದನ್ನು ಏಳು ಘಟಕಗಳಾಗಿ ಮಾಡಿ, ಉತ್ತರಕ್ಕೂ ದಕ್ಷಿಣಕ್ಕೂ ತಾಹ್ರ್ ದಾಟಲೇಬಾರದ ವಲಯಗಳನ್ನು ಇಟ್ಟರು. ಒಟ್ಟು ಸಂಖ್ಯೆ 10,000 ಮೀರಬಾರದು ಎಂದು ನಿಗದಿಯಾಯಿತು. ಪ್ರತಿ ಘಟಕಕ್ಕೂ ಚದರ ಕಿಲೋಮೀಟರಿಗೆ ಎಷ್ಟು ತಾಹ್ರ್ ಕಂಡರೆ ಕೊಲ್ಲಲು ಇಳಿಯಬೇಕು ಎಂಬ ಮಿತಿಯೂ ಬಂತು. ಅದು ಎಲ್ಲೂ ಎರಡೂವರೆಯನ್ನು ಮೀರುವುದಿಲ್ಲ.

ನನ್ನ ಓದಿನಲ್ಲಿ ಇಡೀ ಪ್ರಕರಣದ ಜೀವಾಳ ಈ ಮಿತಿಯಲ್ಲಿದೆ. ಕುರಿಗಾರನೊಬ್ಬ ತನ್ನ ಗೋಮಾಳ ಎಷ್ಟು ಕುರಿಗಳನ್ನು ಸಾಕಬಲ್ಲದು ಎಂದು ಲೆಕ್ಕ ಹಾಕುವಾಗ ಕುರಿ ಸೊರಗದಿರಲಿ ಎಂದು ನೋಡುತ್ತಾನೆ. ಇಲ್ಲಿನ ಲೆಕ್ಕ ಹಾಗಲ್ಲ. ಆ ಬೆಟ್ಟಗಳು ಹತ್ತು ಸಾವಿರಕ್ಕಿಂತ ಹೆಚ್ಚು ತಾಹ್ರ್‌ಗಳನ್ನು ಸಲೀಸಾಗಿ ಸಾಕಬಲ್ಲವು, ಸಾಕಿಯೂ ತೋರಿಸಿವೆ. ಹಿಮಹುಲ್ಲು ನಶಿಸದೆ ಎಷ್ಟನ್ನು ತಡೆದುಕೊಳ್ಳಬಲ್ಲದು ಎಂಬುದನ್ನು ಅಂದಾಜಿಸಿ ಆ ಸಂಖ್ಯೆಯನ್ನು ಇಟ್ಟರು. ಅಂದರೆ ಆಡುಗಳ ಲೆಕ್ಕವನ್ನು ಹುಲ್ಲು ಬರೆಯಿತು. ತೃಣವೇ ತೂಕದ ಬಟ್ಟಾಯಿತು.

ಇದರ ಜೊತೆಗೆ ಇನ್ನೊಂದು ಕಾನೂನು ಇದೆ. 1980ರ ರಾಷ್ಟ್ರೀಯ ಉದ್ಯಾನಗಳ ಕಾಯ್ದೆಯ ಪ್ರಕಾರ, ಉದ್ಯಾನಗಳ ಒಳಗೆ ಸ್ಥಳೀಯ ಗಿಡ–ಪ್ರಾಣಿಗಳನ್ನು ಸಾಧ್ಯವಾದಷ್ಟು ಉಳಿಸಬೇಕು, ಹೊರಗಿನಿಂದ ತಂದವನ್ನು ಸಾಧ್ಯವಾದಷ್ಟು ನಿರ್ಮೂಲ ಮಾಡಬೇಕು. ಔರಾಕಿ/ಮೌಂಟ್ ಕುಕ್ ಮತ್ತು ವೆಸ್ಟ್‌ಲ್ಯಾಂಡ್ ತೈ ಪೌಟಿನಿ ಎರಡೂ ರಾಷ್ಟ್ರೀಯ ಉದ್ಯಾನಗಳು, ಎರಡೂ ತಾಹ್ರ್ ಪ್ರದೇಶದ ನಟ್ಟನಡುವೆ ಇವೆ. ಔರಾಕಿ ಶಿಖರವನ್ನು ತಮ್ಮ ಪೂರ್ವಜನೆಂದೇ ಕಾಣುವ ನೈ ತಾಹು ಬುಡಕಟ್ಟಿನವರಿಗೂ ಈ ಬೆಟ್ಟಗಳ ನಿರ್ವಹಣೆಯಲ್ಲಿ ಮಾತಿದೆ.

ಎಣಿಕೆ, ಪ್ರತಿಭಟನೆ, ನ್ಯಾಯಾಲಯ

2016ರಿಂದ 2019ರ ನಡುವೆ ಸಂರಕ್ಷಣಾ ಇಲಾಖೆ ಮೊದಲ ಬಾರಿಗೆ ಇಡೀ ಪ್ರದೇಶದಲ್ಲಿ ಕ್ರಮಬದ್ಧವಾಗಿ ಎಣಿಸಿತು. ಎರಡು ಕಿಲೋಮೀಟರ್ ಉದ್ದ, ಎರಡು ಕಿಲೋಮೀಟರ್ ಅಗಲದ ಚೌಕಗಳನ್ನು ಆರಿಸಿ, ಒಂದೊಂದು ಚೌಕದ ಮೇಲೂ ಹೆಲಿಕಾಪ್ಟರಿನಲ್ಲಿ ಹಲವು ಸಲ ಹಾರಿದರು. ಒಮ್ಮೆ ಹಾರಿ ಕಂಡಷ್ಟನ್ನು ಬರೆದುಕೊಂಡರೆ ಬಂಡೆಯ ನೆರಳಲ್ಲಿ ಅಡಗಿದವು ಬಿಟ್ಟುಹೋಗುತ್ತವೆ. ಅದೇ ಚೌಕವನ್ನು ಮತ್ತೆ ಮತ್ತೆ ಎಣಿಸಿದಾಗ ಎಣಿಕೆಗಳ ನಡುವಿನ ವ್ಯತ್ಯಾಸದಿಂದ ಕಾಣದೆ ಉಳಿದವುಗಳನ್ನು ಅಂದಾಜಿಸಬಹುದು. ಬಂದ ಲೆಕ್ಕ ಸಾರ್ವಜನಿಕ ಸಂರಕ್ಷಣಾ ಭೂಮಿಯೊಂದರಲ್ಲೇ ಸುಮಾರು 35,000. ಮಿತಿಯ ಮೂರೂವರೆ ಪಟ್ಟು. ಖಾಸಗಿ ಜಮೀನುಗಳಲ್ಲಿದ್ದವು ಅದರ ಹೊರಗೆ.

2018ರಲ್ಲಿ ಸಂರಕ್ಷಣಾ ಸಚಿವೆ ಯುಜೀನಿ ಸೇಜ್ ದೊಡ್ಡ ಪ್ರಮಾಣದಲ್ಲಿ ಕೊಲ್ಲುವ ನಿರ್ಧಾರ ಪ್ರಕಟಿಸಿದಾಗ ಬೇಟೆಗಾರರು ಸಿಡಿದೆದ್ದರು. ಅವರ ಸಿಟ್ಟನ್ನು ಬರೀ ಸ್ವಾರ್ಥವೆಂದು ತಳ್ಳಿಹಾಕುವುದು ಅನ್ಯಾಯ. ಮೂರು ತಲೆಮಾರುಗಳಿಂದ ಅಪ್ಪಂದಿರ ಜೊತೆ ಮಕ್ಕಳು ಆ ಬೆಟ್ಟಗಳನ್ನು ಹತ್ತಿದ್ದಾರೆ. ಪರದೇಶದಿಂದ ಹೋತವನ್ನು ಅರಸಿ ಬರುವವರಿಗೆ ದಾರಿ ತೋರಿಸಿ ಬದುಕುವ ಕುಟುಂಬಗಳು ಸಣ್ಣ ಊರುಗಳಲ್ಲಿವೆ. ಚಳಿಗಾಲದ ಬೆದೆಯ ಕಾಲಕ್ಕೆ ಒಂದು ಕಣಿವೆ ಸಿಗಲೆಂದು ಚೀಟಿ ಎತ್ತುವ ಪದ್ಧತಿಯೇ ಇದೆ. ಆ ಬೆಟ್ಟದ ಮೂಲೆಮೂಲೆಗಳನ್ನು ಅವರಷ್ಟು ಕಾಲಿನಿಂದ ಬಲ್ಲವರು ಕಡಿಮೆ.

2020ರಲ್ಲಿ ಇಲಾಖೆ 250 ಗಂಟೆಗಳ ಹೆಲಿಕಾಪ್ಟರ್ ಕಾರ್ಯಾಚರಣೆಗೆ ಸಿದ್ಧವಾಯಿತು. ರಾಷ್ಟ್ರೀಯ ಉದ್ಯಾನಗಳ ಒಳಗೆ ಹೋತಗಳನ್ನೂ ಬಿಡದೆ ಕೊಲ್ಲುವುದು ಅದರಲ್ಲಿ ಸೇರಿತ್ತು. ಬೇಟೆಗಾರರ ಪರವಾದ ತಾಹ್ರ್ ಫೌಂಡೇಶನ್ ಎಂಬ ಸಂಸ್ಥೆ ಹೈಕೋರ್ಟಿಗೆ ಹೋಯಿತು. ಸಂಬಂಧಪಟ್ಟವರೊಡನೆ ಸಾಕಷ್ಟು ಸಮಾಲೋಚನೆ ನಡೆದಿಲ್ಲ, ನಡೆಸಿ ನಿರ್ಧಾರವನ್ನು ಮರುಪರಿಶೀಲಿಸಿರಿ, ಅಲ್ಲಿಯವರೆಗೆ ಯೋಜಿಸಿದ ಗಂಟೆಗಳಲ್ಲಿ ಅರ್ಧದಷ್ಟನ್ನು ಮಾತ್ರ ಬಳಸಿರಿ ಎಂದು ನ್ಯಾಯಾಲಯ ಜುಲೈಯಲ್ಲಿ ಹೇಳಿತು. ತಾಹ್ರ್ ಹೆಚ್ಚೋ ಹುಲ್ಲು ಹೆಚ್ಚೋ ಎಂಬುದನ್ನು ನ್ಯಾಯಾಲಯ ತೀರ್ಮಾನಿಸಲಿಲ್ಲ; ಅದು ತೀರ್ಮಾನಿಸುವ ವಿಷಯವೂ ಆಗಿರಲಿಲ್ಲ. ಮರುಪರಿಶೀಲನೆಯ ನಂತರ ಕಾರ್ಯಾಚರಣೆ ಮುಂದುವರಿಯಿತು.

ಯಾವ ಅಳತೆಗೋಲು?

ತಾಹ್ರ್ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ಮಾತು ವಿರಳತೆಯದು. ತವರಿನಲ್ಲಿ ಅಪಾಯಕ್ಕೆ ಹತ್ತಿರವಿರುವ ಪ್ರಾಣಿ ಇದು. ಹಿಮಹುಲ್ಲೋ ಬೆಟ್ಟಗಳ ಮೇಲೆ ಹಾಸಿಬಿದ್ದಿದೆ. ಅಪರೂಪವಾದದ್ದನ್ನು ಉಳಿಸು, ಹೇರಳವಾದದ್ದನ್ನು ಬಿಡು ಎಂಬ ನಿಯಮವನ್ನು ಒಪ್ಪಿದರೆ ತಕ್ಕಡಿ ತಾಹ್ರ್ ಕಡೆಗೇ ವಾಲುತ್ತದೆ. ಈ ವಾದವನ್ನು ನಾನು ಹಲವು ಸಲ ನನ್ನೊಳಗೆ ತಿರುವಿಹಾಕಿ ನೋಡಿದ್ದೇನೆ. ಕೊನೆಗೂ ನನಗೆ ಅದು ಒಪ್ಪಿಗೆಯಾಗಲಿಲ್ಲ. ನ್ಯೂಜಿಲೆಂಡ್‌ನ ಒಂದು ತಾಹ್ರ್ ಬದುಕಿದರೆ ಹಿಮಾಲಯದ ಹಿಮಚಿರತೆಗೆ ಒಂದು ಊಟ ಹೆಚ್ಚುವುದಿಲ್ಲ. ಕುಮಾವೂನಿನ ಯಾವ ಇಳಿಜಾರಿಗೂ ಒಂದು ಹಿಂಡು ಮರಳುವುದಿಲ್ಲ. ತವರಿನ ಕೊರತೆಯನ್ನು ಪರದೇಶದ ಹೆಚ್ಚಳದಿಂದ ತುಂಬಲಾಗದು. ಇನ್ನು ಹುಲ್ಲು ಹೇರಳವಾಗಿದೆ ಎಂಬುದರ ಅರ್ಥವೇ ಅದು ಆ ಬೆಟ್ಟವನ್ನು ಹಿಡಿದು ನಿಲ್ಲಿಸಿದೆ ಎಂದು. ಮನೆಯಲ್ಲಿ ಇಟ್ಟಿಗೆಗಳು ಹೇರಳವಾಗಿರುತ್ತವೆ.

ಈ ಮಾತಿಗೆ ದಕ್ಷಿಣ ದ್ವೀಪದ ಇನ್ನೊಂದು ಮೂಲೆಯಿಂದಲೂ ಸಾಕ್ಷ್ಯವಿದೆ. ಹಾರಲಾರದ ಟಾಕಹೇ ಹಕ್ಕಿ ಅಳಿದೇಹೋಯಿತೆಂದು ತಿಳಿದಿದ್ದಾಗ, 1948ರಲ್ಲಿ ಜೆಫ್ರಿ ಆರ್ಬೆಲ್ ಅದನ್ನು ಫಿಯೋರ್ಡ್‌ಲ್ಯಾಂಡಿನ ಮರ್ಚಿಸನ್ ಬೆಟ್ಟಗಳಲ್ಲಿ ಮತ್ತೆ ಕಂಡನು. ಆ ಹಕ್ಕಿ ಮುಖ್ಯವಾಗಿ ತಿನ್ನುತ್ತಿದ್ದುದು ಹಿಮಹುಲ್ಲಿನ ತೆಂಡೆಯ ಬುಡವನ್ನು, ಅದರಲ್ಲೂ ಪ್ಯಾಲೆನ್ಸ್ ಪ್ರಭೇದವನ್ನು. ಹೊರಗಿನಿಂದ ತಂದ ಕೆಂಪು ಜಿಂಕೆಗಳು ಅದೇ ಹುಲ್ಲನ್ನು ಮೇಯ್ದು ಹಕ್ಕಿಯ ತಟ್ಟೆಗೇ ಕೈಹಾಕಿದ್ದವು ಎಂಬುದನ್ನು ಮಿಲ್ಸ್ ಮತ್ತು ಅಲನ್ ಮಾರ್ಕ್ 1970ರ ದಶಕದಲ್ಲಿ ತೋರಿಸಿದರು. ಹುಲ್ಲು ಹೇರಳ, ಹಕ್ಕಿ ವಿರಳ. ಆದರೆ ಹಕ್ಕಿಯನ್ನು ಉಳಿಸುವ ದಾರಿ ಹುಲ್ಲಿನ ಮೂಲಕವೇ ಹಾದುಹೋಗುತ್ತಿತ್ತು.

ಹಾಗಾಗಿ ನಾನು ಹಿಡಿಯುವ ಅಳತೆಗೋಲು ಕಾಲ. ಒಂದು ಡಿಸೆಂಬರಿನಲ್ಲಿ ಹುಟ್ಟಿದ ಹೆಣ್ಣುಮರಿ ಮೂರು ವರ್ಷದೊಳಗೆ ತನ್ನ ಮರಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಿರುತ್ತದೆ. ಅದೇ ಡಿಸೆಂಬರಿನಲ್ಲಿ ಸತ್ತ ಹುಲ್ಲಿನ ಗುಪ್ಪೆಯ ಜಾಗಕ್ಕೆ ಇನ್ನೊಂದು ಬರಬೇಕಾದರೆ, ಬೆಚ್ಚನೆಯ ಬೇಸಿಗೆ ಬರಬೇಕು, ಬೆಟ್ಟವಿಡೀ ತೆನೆ ಬಿಡಬೇಕು, ಬೀಜ ಹುಳುವಿನಿಂದ ತಪ್ಪಿಸಿಕೊಳ್ಳಬೇಕು, ಮೊಳಕೆ ಹಿಮದಲ್ಲಿ ಕಿತ್ತುಹೋಗದಿರಬೇಕು, ಆಮೇಲೆ ಒಂದು ಮನುಷ್ಯಾಯುಷ್ಯಕ್ಕಿಂತ ಹೆಚ್ಚು ಕಾಲ ಅದನ್ನು ಯಾರೂ ಕಚ್ಚದಿರಬೇಕು. ತಾಹ್ರ್ ವಿಷಯದಲ್ಲಿ ಮಾಡಿದ ತಪ್ಪನ್ನು ಹತ್ತು ವರ್ಷದಲ್ಲಿ ತಿದ್ದಬಹುದು. 1983ರ ತಡೆಯ ನಂತರ ಹಿಂಡು ಮರಳಿದ ಬಗೆಯೇ ಅದಕ್ಕೆ ಸಾಕ್ಷಿ. ಹುಲ್ಲಿನ ವಿಷಯದಲ್ಲಿ ಮಾಡಿದ ತಪ್ಪನ್ನು ತಿದ್ದಲು ಮಾಡಿದವರಾರೂ ಬದುಕಿರುವುದಿಲ್ಲ.

ನೀಲಗಿರಿಯ ಕಡೆಗೊಂದು ನೋಟ

ಆಡು–ಹುಲ್ಲಿನ ನಡುವೆ ವೈರ ಸಹಜವೆಂದು ಇದರಿಂದ ತಿಳಿಯಬಾರದು. ನಮ್ಮ ಪಕ್ಕದಲ್ಲೇ, ತಮಿಳುನಾಡು ಮತ್ತು ಕೇರಳದ ಎತ್ತರದ ಶೋಲಾ ಹುಲ್ಲುಗಾವಲುಗಳಲ್ಲಿ, ತಮಿಳರು ವರೈ ಆಡು ಎಂದು ಕರೆಯುವ ನೀಲಗಿರಿ ತಾಹ್ರ್ ಇದೆ. ವರೈ ಎಂದರೆ ಬಂಡೆ, ಬೆಟ್ಟ. ಹಿಂದೆ ಇದನ್ನೂ ಹಿಮಾಲಯದ ತಾಹ್ರ್‌ನ ಕುಲಕ್ಕೇ ಸೇರಿಸಿದ್ದರು. ವಂಶವಾಹಿಗಳ ಪರೀಕ್ಷೆಯಿಂದ ಇದು ಕುರಿಗಳಿಗೆ ಹೆಚ್ಚು ಹತ್ತಿರವೆಂದು ಕಂಡು 2005ರಲ್ಲಿ ನೀಲಗಿರಿಟ್ರಾಗಸ್ ಎಂಬ ಬೇರೆ ಕುಲವೇ ಬಂತು. ತಮಿಳುನಾಡಿನ 2024ರ ಎಣಿಕೆಯಲ್ಲಿ ಸಿಕ್ಕಿದ್ದು 1,031. ಕೇರಳದ ಎರವಿಕುಲಂನ 97 ಚದರ ಕಿಲೋಮೀಟರ್ ಉದ್ಯಾನ ಇದರ ದೊಡ್ಡ ಆಸರೆ. ಅಲ್ಲಿ ಹುಲ್ಲೂ ಆಡೂ ಒಟ್ಟಿಗೆ ಬೆಳೆದು ಬಂದಿವೆ, ಜೊತೆಗೆ ಹುಲಿ, ಚಿರತೆ, ಸೀಳುನಾಯಿಗಳೂ ಇವೆ. ಅಲ್ಲಿ ಹುಲ್ಲನ್ನು ಕೊಂದದ್ದು ಆಡಲ್ಲ; ಹುಲ್ಲುಗಾವಲೆಂದರೆ ಪಾಳುಭೂಮಿಯೆಂದು ಎಣಿಸಿ ನೆಟ್ಟ ವಾಟಲ್, ಪೈನ್, ನೀಲಗಿರಿ ಮರಗಳು. ಹುಲ್ಲು ಹೋದಲ್ಲೆಲ್ಲ ಆಡೂ ಹೋಯಿತು. ಕುದುರೆಮುಖ ಮತ್ತು ಬಾಬಾಬುಡನ್‌ಗಿರಿಯ ಹುಲ್ಲುಬೆಟ್ಟಗಳನ್ನು ‘ಬೋಳು’ ಎನ್ನುವ ನಾವೂ ಅದೇ ಎಣಿಕೆಯವರೇ.

ಒಂದೇ ಬಗೆಯ ಪ್ರಾಣಿ, ಒಂದೇ ಬಗೆಯ ಇಳಿಜಾರು. ಒಂದು ಕಡೆ ಹುಲ್ಲನ್ನು ಉಳಿಸಲು ಆಡನ್ನು ಕೊಲ್ಲಬೇಕು, ಇನ್ನೊಂದು ಕಡೆ ಆಡನ್ನು ಉಳಿಸಲು ಹುಲ್ಲನ್ನು ಉಳಿಸಬೇಕು. ಎರಡೂ ಕಡೆ ಮೊದಲು ನೋಡಬೇಕಾದದ್ದು ಹುಲ್ಲನ್ನೇ.

ಈಗ ಉಳಿದಿರುವ ಕೆಲಸ

ನ್ಯೂಜಿಲೆಂಡ್‌ನ ಜಗಳದಲ್ಲಿ ಎರಡೂ ಪಕ್ಷಗಳು ಒಪ್ಪಬಹುದಾದ ಒಂದು ಅಂಶವಿದೆ. ಬೇಟೆಗಾರರಿಗೆ ಬೇಕಾದದ್ದು ಕೇಸರವಿರುವ ಪ್ರಾಯದ ಹೋತ. ಹಿಂಡು ಬೆಳೆಯುವುದು ಹೆಣ್ಣುಗಳಿಂದ. ಹತ್ತು ಹೋತಗಳನ್ನು ಹೊಡೆದರೂ ಮುಂದಿನ ಡಿಸೆಂಬರಿಗೆ ಮರಿಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಏಕೆಂದರೆ ಉಳಿದ ಹೋತಗಳೇ ಸಾಕಾಗುತ್ತವೆ. ಆದ್ದರಿಂದ ಉದ್ಯಾನಗಳ ಹೊರಗೆ ಹೋತಗಳನ್ನು ಬೇಟೆಗಾರರಿಗೆ ಬಿಟ್ಟು, ಹೆಣ್ಣುಗಳನ್ನು ಹುಲ್ಲಿನ ಮಿತಿಗೆ ಇಳಿಸುವುದು ಲೆಕ್ಕಕ್ಕೂ ಹೊಂದುತ್ತದೆ, ಜನರ ಬದುಕಿಗೂ ಹೊಂದುತ್ತದೆ. ಮರಿಯ ಜೊತೆಗಿರುವ ತಾಯಿಯನ್ನು ಕೊಲ್ಲುವ ಮಾತು ಇದು ಎಂಬುದನ್ನು ಮರೆಮಾಚಿ ನಾನು ಬರೆಯುತ್ತಿಲ್ಲ. ಉದ್ಯಾನಗಳ ಒಳಗೆ ಕಾನೂನು ಇಷ್ಟು ರಿಯಾಯಿತಿಯನ್ನೂ ಕೊಡುವುದಿಲ್ಲ, ಕೊಡಬಾರದು ಎಂಬುದೇ ನನ್ನ ಅಭಿಪ್ರಾಯ.

ಕೊಂದ ತಾಹ್ರ್‌ಗಳ ಸಂಖ್ಯೆಯನ್ನು ಇಲಾಖೆ ವರ್ಷವರ್ಷವೂ ಪ್ರಕಟಿಸುತ್ತದೆ, ಪತ್ರಿಕೆಗಳು ಅದನ್ನೇ ತಲೆಬರಹ ಮಾಡುತ್ತವೆ. ಆದರೆ ಯೋಜನೆ ಫಲಿಸಿತೇ ಎಂಬುದು ಆ ಸಂಖ್ಯೆಯಿಂದ ತಿಳಿಯುವುದಿಲ್ಲ. ಗುರುತಿನ ಗೂಟ ನೆಟ್ಟ ನೆಲದ ತುಂಡುಗಳಿಗೆ ಯಾರಾದರೂ ಬೆನ್ನಚೀಲ ಹೊತ್ತು ಹತ್ತಿಹೋಗಿ, ಗುಪ್ಪೆಗಳನ್ನು ಒಂದೊಂದಾಗಿ ಅಳೆದು, ಹಳೆಯ ಪುಸ್ತಕದ ಅಂಕಿಯ ಪಕ್ಕದಲ್ಲಿ ಹೊಸ ಅಂಕಿ ಬರೆದಾಗ ಮಾತ್ರ ತಿಳಿಯುತ್ತದೆ.